ಕಬ್ಬಿನೊಳಗಿನ ನೀರು

ಎದೆಮಟ್ಟ ನೀರು ಹಾದು ಬಂದು, ಒದ್ದೆ ಧೋತರದಲ್ಲೇ ನಿಂತು ಫೋನು ಮಾಡಿದ ಮನುಷ್ಯನಿಗೆ ‘ಅಲ್ಲಿ ನೀರಿಲ್ಲ’ ಎಂದು ಹೇಳಿದವನು ನಾನು. ಹೇಳಿದ್ದು ಬೆಂಗಳೂರಿನ ಒಂದು ಕಚೇರಿಯ ಮೂರನೇ ಮಹಡಿಯಲ್ಲಿ, ಕಂಪ್ಯೂಟರಿನ ಮುಂದೆ ಕೂತು. ಕೇಳಿಸಿಕೊಂಡವರು ನನ್ನ ಅಪ್ಪನ ತಮ್ಮ, ಜೀವಮಾನವೆಲ್ಲ ಅದೇ ಹೊಳೆಯ ದಂಡೆಗೆ ಒಕ್ಕಲುತನ ಮಾಡಿದ ಕಾಕಾ. 2019ರ ಆಗಸ್ಟಿನ ಆ ಮಾತನ್ನು ಮನೆಯವರ ಹೊರತು ಯಾರ ಮುಂದೆಯೂ ನಾನು ಆಡಿರಲಿಲ್ಲ. ಈಗ ಬರೆಯುವುದಕ್ಕೆ ಕಾರಣವಿದೆ. ಹೊಳೆ ಉಕ್ಕಿದರೆ ಉಪಗ್ರಹದ ನಕ್ಷೆ ನೇರವಾಗಿ ಜನರ ಫೋನಿಗೇ ಬಂದು ಬೀಳುವ ಕಾಲ ಇದು. ಆ ನಕ್ಷೆ ಮಾಡುವ ಇಂದಿನ ಹುಡುಗ ಹುಡುಗಿಯರು ನನಗಿಂತ ಜಾಣರು, ಕೈಯೂ ಚುರುಕು. ನಾನು ಬಿದ್ದ ಜಾಗ ಅವರಿಗೆ ಗೊತ್ತಿರಬೇಕು.

ನನ್ನ ಕಸುಬು ಉಪಗ್ರಹ ಚಿತ್ರ ಓದುವುದು. ಎಷ್ಟು ಎಕರೆಯಲ್ಲಿ ಯಾವ ಬೆಳೆ ನಿಂತಿದೆ, ಯಾವ ಕೆರೆ ಎಷ್ಟು ತುಂಬಿದೆ ಎಂದು ಲೆಕ್ಕ ಹಾಕುವ ಕೆಲಸ. ಊರು ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭಾ ಹೊಳೆಯ ಮಗ್ಗುಲಿಗೆ. ಅಜ್ಜನ ಕಾಲಕ್ಕೆ ಜೋಳ ಬೆಳೆಯುತ್ತಿದ್ದ ಎರೆ ಹೊಲಗಳಲ್ಲೂ ಈಗ ಕಬ್ಬೇ ಕಬ್ಬು. ಅಪ್ಪ ನನ್ನನ್ನು ಓದಿಸಿದ್ದು ಕಬ್ಬಿನ ಬಿಲ್ಲಿನಿಂದ. ಹೀಗಾಗಿ ಕಬ್ಬಿನ ಹೊಲ ನನಗೆ ಹೊಸದಲ್ಲ, ಹೊಳೆಯೂ ಹೊಸದಲ್ಲ. ಹೊಸದಾಗಿದ್ದರೆ ನನ್ನ ತಪ್ಪಿಗೆ ಒಂದು ನೆಪವಾದರೂ ಇರುತ್ತಿತ್ತು.

ಆ ವರ್ಷ ಜುಲೈ ಕೊನೆಗೆ ಸಹ್ಯಾದ್ರಿಯ ಮೇಲೆ ಹಿಡಿದ ಮಳೆ ಬಿಡಲೇ ಇಲ್ಲ. ಅತ್ತ ಸಾಂಗ್ಲಿ, ಕೊಲ್ಹಾಪುರ ಮುಳುಗಿದವು. ಇತ್ತ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಮ್ಮೆಲೇ ಏರಿದವು. ಹಿಡಕಲ್ ಜಲಾಶಯ ತುಂಬಿತು, ನವಿಲುತೀರ್ಥ ತುಂಬಿತು. ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಬೇಕಾಯಿತು. ಗೋಕಾಕದ ಪೇಟೆಯೊಳಗೆ ನೀರು, ಪಟ್ಟದಕಲ್ಲಿನ ಗುಡಿಗಳ ಸುತ್ತ ಮಲಪ್ರಭೆಯ ನೀರು. ಹತ್ತು ವರ್ಷದ ಹಿಂದೆ, 2009ರ ಸೆಪ್ಟೆಂಬರ್ ಕೊನೆ ಅಕ್ಟೋಬರ್ ಮೊದಲಿಗೆ ಬಂದ ನೆರೆಯಲ್ಲಿ ಉತ್ತರ ಕರ್ನಾಟಕ ಇನ್ನೂರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಆಮೇಲೆ ಎತ್ತರದ ಜಾಗಗಳಲ್ಲಿ ‘ಆಸರೆ’ ಮನೆಗಳಾದವು. ಕೆಲವರು ಅಲ್ಲಿಗೆ ಹೋದರು. ದನದ ಹಕ್ಕೆ, ಹಗೇವು, ಹಿರಿಯರ ಗದ್ದುಗೆ ಬಿಟ್ಟು ಹೋಗಲಾರದವರು ಹಳೇ ಊರಲ್ಲೇ ಉಳಿದರು. ನಮ್ಮ ಕಾಕಾ ಉಳಿದವರಲ್ಲಿ ಒಬ್ಬರು.

ನೆರೆ ಬಂದಾಗ ಮೋಡ ಇದ್ದೇ ಇರುತ್ತದೆ. ಸಾಮಾನ್ಯ ಉಪಗ್ರಹದ ಕ್ಯಾಮೆರಾಕ್ಕೆ ಆಗ ಕಾಣುವುದು ಮೋಡದ ಬೆನ್ನು ಮಾತ್ರ. ಅದಕ್ಕಾಗಿ ರಾಡಾರ್ ಇರುವ ಉಪಗ್ರಹಗಳು ಬೇಕು. ಅವು ತಾವೇ ಸೂಕ್ಷ್ಮ ತರಂಗ ಬಿಟ್ಟು ಮರಳಿ ಬಂದದ್ದನ್ನು ಹಿಡಿಯುತ್ತವೆ. ಮೋಡವೂ ಅಡ್ಡಿಯಲ್ಲ, ಕತ್ತಲೂ ಅಡ್ಡಿಯಲ್ಲ. ನಮ್ಮ ದೇಶವೇ 2012ರಲ್ಲಿ ರಿಸ್ಯಾಟ್-1 ಹಾರಿಸಿತ್ತು. ಯುರೋಪಿನ ಸೆಂಟಿನೆಲ್-1ರ ಚಿತ್ರಗಳಂತೂ ಜಗತ್ತಿನ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ. ಅದು ಸುಮಾರು 700 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ನಮ್ಮ ನೆಲದ ಮೇಲೆ ಬೆಳಗಿನ ಆರರ ಸುಮಾರಿಗೋ ಸಂಜೆಯ ಆರರ ಸುಮಾರಿಗೋ ಹಾಯುತ್ತದೆ. ಕತ್ತಲಲ್ಲಿ ನೆಲದ ಮೇಲೆ ಮಲಗಿಸಿದ ಕನ್ನಡಿಗೆ ಓರೆಯಾಗಿ ಬ್ಯಾಟರಿ ಬಿಟ್ಟರೆ ಬೆಳಕು ಆಚೆಗೆ ಚಿಮ್ಮುತ್ತದೆ, ಬಿಟ್ಟವನ ಕಣ್ಣಿಗೆ ಮರಳುವುದಿಲ್ಲ. ನಿಂತ ನೀರು ರಾಡಾರಿಗೆ ಹಾಗೆ. ತರಂಗ ಮರಳದೆ ನೀರಿದ್ದ ಜಾಗ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ನೆರೆಗೆ ಮುಂಚಿನ ಚಿತ್ರವನ್ನೂ ನೆರೆಯ ಚಿತ್ರವನ್ನೂ ಹೋಲಿಸಿ, ಹೊಸದಾಗಿ ಕಪ್ಪಾದದ್ದಕ್ಕೆ ನೀಲಿ ಬಣ್ಣ ತುಂಬಿದರೆ ಮುಳುಗಡೆ ನಕ್ಷೆ ತಯಾರು.

ಅವತ್ತು ಬೆಳಗಿನ ಚಿತ್ರ ನನ್ನ ಕೈಗೆ ಬಂದಾಗ ನಾನು ಊಟ ಮರೆತು ಕೂತೆ. ಕಚೇರಿಯ ಕೆಲಸವಲ್ಲ ಅದು, ನನ್ನ ಊರಿನ ಕೆಲಸ. ಘಟಪ್ರಭೆಯ ಎರಡೂ ದಂಡೆಗೆ ನೀಲಿ ಹರಡುತ್ತ ಹೋದಂತೆ ಒಂದು ಕಡೆ ಹೊಟ್ಟೆಯಲ್ಲಿ ಸಂಕಟ, ಇನ್ನೊಂದು ಕಡೆ ಒಂದು ಹೆಮ್ಮೆ. ಆ ಹೆಮ್ಮೆಯನ್ನು ಇಲ್ಲಿ ಮುಚ್ಚಿಡಲಾರೆ. ಊರ ಜನ ಗಂಜಿ ಕೇಂದ್ರದಲ್ಲಿ ಕೂತಿದ್ದಾಗ, ತಹಶೀಲ್ದಾರರಿಗೂ ಕಾಣದ ಇಡೀ ಹೊಳೆ ನನಗೆ ಒಂದೇ ನೋಟಕ್ಕೆ ಕಾಣುತ್ತಿತ್ತು. ಓದಿದ್ದು ಸಾರ್ಥಕವಾಯಿತು ಅನಿಸಿತು.

ನಮ್ಮ ಕಡೆಯ ಯುವಕರ ಒಂದು ತಂಡ ಮೇವು ಮತ್ತು ಊಟ ಸಾಗಿಸುತ್ತಿತ್ತು. ಹಳೇ ಊರಿನಿಂದ ಎತ್ತರಕ್ಕೆ ಹೊಡೆದುಕೊಂಡು ಹೋದ ದನಗಳಿಗೆ ಎರಡು ದಿನದಿಂದ ಮೇವಿಲ್ಲ ಎಂಬ ಸುದ್ದಿ ಬಂದಿತ್ತು. ಡಾಂಬರು ರಸ್ತೆ ಹೊಳೆಯ ಪಾಲಾಗಿತ್ತು, ಅದು ನನ್ನ ಚಿತ್ರದಲ್ಲೂ ಸ್ಪಷ್ಟವಾಗಿತ್ತು. ಹಿಂದಿನಿಂದ ಕಬ್ಬಿನ ಹೊಲಗಳ ನಡುವೆ ಒಂದು ಗಾಡಿದಾರಿ ಇದೆ. ‘ಅಣ್ಣಾ, ಆ ದಾರಿ ಹೆಂಗದ ನೋಡ್ರಿ’ ಎಂದು ಹುಡುಗರು ಕೇಳಿದರು. ನೋಡಿದೆ. ಅಲ್ಲಿ ನೀಲಿ ಇರಲಿಲ್ಲ. ಸುಮ್ಮನೆ ಹೇಳಬಾರದು ಎಂದು ನೆಲದ ಎತ್ತರದ ಮಾಹಿತಿಯನ್ನೂ ತೆಗೆದು ನೋಡಿದೆ. 2000ನೇ ಇಸವಿ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ ಭೂಮಿ ಸುತ್ತುತ್ತ ಅಳೆದ ಎತ್ತರ ಅದು. ನಮ್ಮಂಥವರೆಲ್ಲ ಇಂದಿಗೂ ಬಳಸುತ್ತೇವೆ. ಅದರ ಪ್ರಕಾರ ಆ ದಾರಿ ಹೊಳೆಯ ದಂಡೆಗಿಂತ ಎತ್ತರದಲ್ಲಿತ್ತು. ನಕ್ಷೆಯ ಮೇಲೆ ಹಸಿರು ಬಣ್ಣದಲ್ಲಿ ಒಂದು ಗೆರೆ ಎಳೆದು ಕಳಿಸಿದೆ. ಉಪಗ್ರಹ ಹಾದ ವೇಳೆಯನ್ನು ಕೆಳಗೆ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದೆ, ನಮ್ಮ ಕಸುಬಿನ ರೂಢಿಯಂತೆ. ನಕ್ಷೆ ಒಬ್ಬರಿಂದ ಒಬ್ಬರಿಗೆ ವಾಟ್ಸ್ಯಾಪಿನಲ್ಲಿ ದಾಟುವಾಗ ಯಾರೋ ಬೇಕಾದಷ್ಟನ್ನೇ ಕತ್ತರಿಸಿಕೊಂಡರು. ಮೂಲೆ ಹೋಯಿತು, ಹಸಿರು ಗೆರೆ ಉಳಿಯಿತು.

ಮಧ್ಯಾಹ್ನ ಮೂರರ ಮೇಲೆ ಕಾಕಾನ ಫೋನು ಬಂತು. ಯಾರದೋ ಫೋನಿನಿಂದ ಮಾಡಿದ್ದರು, ಅವರದು ನೀರಲ್ಲಿ ನೆನೆದು ಹೋಗಿತ್ತು.

‘ತಮ್ಮಾ, ಹುಡುಗೂರು ಕಬ್ಬಿನ ದಾರೀಲೆ ಬರ್ತಾರಂತ. ನೀನ ಹೇಳಿದೆಂತ. ಬ್ಯಾಡಪಾ. ಕಬ್ಬಿನ್ಯಾಗ ಎದಿಮಟಾ ನೀರೈತಿ. ನಾ ಈಗ ಹಾದ ಬಂದೆ.’

‘ಕಾಕಾ, ಇವತ್ತ ಮುಂಜಾನಿ ಮ್ಯಾಲಿಂದ ತಗದ ಚಿತ್ರ ನನ್ನ ಮುಂದ ಐತ್ರಿ. ಆ ದಾರಿ ಕಡೆ ನೀರಿಲ್ರಿ. ನೀವು ಹೊಳಿ ಕಡಿ ತಗ್ಗಿನ್ಯಾಗ ಹಾದ್ರೇನೋ.’

‘ನಮ್ಮ ಹೊಲದಾಗ ನಿಂತ ಹೇಳಾಕತ್ತೇನೋ.’

‘ಎತ್ತರದ ಲೆಕ್ಕಾನೂ ನೋಡೇನ್ರಿ ಕಾಕಾ. ಆ ದಾರಿ ಎತ್ತರ ಐತಿ. ನೀರು ಬಂದಿದ್ರ ಚಿತ್ರದಾಗ ಕಾಣ್ತಿತ್ತು.’

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು ಇಷ್ಟು: ‘ಹಂಗಂತೀ? ಆತ ಬಿಡು. ನೀ ಓದಿದಾಂವ. ನಿನಗ ಗೊತ್ತಿರ್ತದ.’

ಆ ಮಾತನ್ನು ಅವರು ಚುಚ್ಚಿ ಆಡಲಿಲ್ಲ. ನಿಜವಾಗಿ ನಂಬಿ ಆಡಿದರು. ತಮ್ಮ ಮೈಮೇಲಿನ ಒದ್ದೆಗಿಂತ ನನ್ನ ಓದು ದೊಡ್ಡದು ಎಂದು ಒಪ್ಪಿಕೊಂಡರು. ಹುಡುಗರಿಗೂ ಫೋನು ಮಾಡಿ ತಡೆಯಬೇಕೆಂದಿದ್ದವರು, ನನ್ನ ಜೊತೆ ಮಾತಾಡಿದ ಮೇಲೆ ಮಾಡಲಿಲ್ಲ. ಇದು ನನಗೆ ಆಮೇಲೆ ತಿಳಿಯಿತು. ನಕ್ಷೆಯ ತಪ್ಪಿಗಿಂತ ಇದೇ ನನ್ನನ್ನು ಹೆಚ್ಚು ಕಾಡುತ್ತದೆ. ನಕ್ಷೆ ತಪ್ಪಾಗಿದ್ದರೂ ಅದನ್ನು ತಿದ್ದುವ ಮನುಷ್ಯ ಇದ್ದ, ತಿದ್ದಲು ಬಂದೂ ಇದ್ದ. ನಾನು ಆತನ ಬಾಯಿ ಮುಚ್ಚಿಸಿದೆ.

ಟ್ರ್ಯಾಕ್ಟರ್ ಹೊತ್ತು ಮುಳುಗುವ ಮೊದಲು ಕಬ್ಬಿನ ದಾರಿ ಹಿಡಿಯಿತು. ಟ್ರೇಲರಿನ ತುಂಬ ಕಣಕಿ ಪೆಂಡಿ, ಮೇಲೆ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ನೀರಿನ ಕ್ಯಾನು. ಮೊದಲ ಹೊಲದ ತನಕ ಒಣ ನೆಲ, ಆಮೇಲೆ ಮೊಣಕಾಲು ನೀರು. ‘ಎಲ್ಲೋ ತಗ್ಗು ಇರಬೇಕು, ಮುಂದ ಒಣಗೈತಿ, ನಕ್ಷಾದಾಗ ಐತಲಾ’ ಎಂದುಕೊಂಡು ಮುಂದೆ ಹೋದರು. ಮುಂದೆ ದಾರಿಯ ಮಗ್ಗುಲಿಗೆ ಬಸಿಗಾಲುವೆ ಇದೆ. ನೀರು ತುಂಬಿದಾಗ ದಾರಿ ಯಾವುದು ಕಾಲುವೆ ಯಾವುದು ತಿಳಿಯುವುದಿಲ್ಲ. ಟ್ರೇಲರಿನ ಒಂದು ಗಾಲಿ ಕಾಲುವೆಗೆ ಇಳಿದು, ಅದು ಮಗ್ಗುಲಾಗಿ ಬಿತ್ತು. ಮೇಲೆ ಕೂತಿದ್ದ ಹುಡುಗನೊಬ್ಬನ ಕೈ ಮುರಿಯಿತು. ಕಣಕಿ ತೇಲಿ ಹೋಯಿತು. ರಾತ್ರಿಯೆಲ್ಲ ಆ ಹುಡುಗರು ಟ್ರ್ಯಾಕ್ಟರಿನ ಎಂಜಿನ್ ಮೇಲೆ ಕೂತು ಕಳೆದರು. ಬೆಳಗ್ಗೆ ಊರವರು ಟ್ಯೂಬಿಗೆ ಹಗ್ಗ ಕಟ್ಟಿ ಅವರನ್ನು ಕರೆತಂದರು. ದಿಬ್ಬದ ಮೇಲಿನ ದನಗಳು ಇನ್ನೂ ಒಂದು ದಿನ ಹಸಿದು ನಿಂತವು. ಜೀವ ಹೋಗಲಿಲ್ಲ. ಅದು ನನ್ನ ಪುಣ್ಯವಲ್ಲ, ಆ ಹುಡುಗರದು.

ನೀರು ಇಳಿದ ಮೇಲೆ ನಾನು ಊರಿಗೆ ಹೋದೆ. ಹೋಗಲು ಕಾಲು ಬರುತ್ತಿರಲಿಲ್ಲ. ಹೋಗದೆ ಇರಲೂ ಆಗಲಿಲ್ಲ. ಯಾರಾದರೂ ಬೈದರೆ ಹಗುರಾಗುತ್ತಿತ್ತು. ಯಾರೂ ಬೈಯಲಿಲ್ಲ. ಕೈ ಮುರಿದ ಹುಡುಗನ ಮನೆಗೆ ಹೋದಾಗ ಅವರವ್ವ, ಗೋಡೆಯ ಹಸಿ ಇನ್ನೂ ಆರದ ಆ ಮನೆಯಲ್ಲಿ, ಎಲ್ಲಿಂದಲೋ ಹಾಲು ತರಿಸಿ ಚಹಾ ಕಾಸಿದರು. ನಾನು ಲೋಟ ಹಿಡಿದುಕೊಂಡು ಕೂತೆ. ಹುಡುಗ ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ: ‘ಅಣ್ಣಾ, ಅಲ್ಲಿ ನೀರ ಇತ್ತೋ ಇಲ್ಲೋ ನಿಮಗ ಖರೇ ಗೊತ್ತಿತ್ತೇನ್ರಿ? ಗೊತ್ತಿರಲಿಲ್ಲಂದ್ರ ಆ ಹಸರ ಗೆರಿ ಯಾಕ ಹೊಡದ್ರಿ?’ ಅವನಿಗೆ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕಿತ್ತು ಅಷ್ಟೇ. ನನಗೆ ಉತ್ತರ ಬರಲಿಲ್ಲ. ತಪ್ಪಾಯಿತು ಎಂದು ಹೇಳಿದೆ. ಅದು ಅವನ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಕಾಕಾ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಬೈಯಲಿಕ್ಕೆ ಕರೆದರು ಅಂದುಕೊಂಡಿದ್ದೆ. ಅವರು ಕಬ್ಬಿನ ಸಾಲಿನೊಳಗೆ ನನ್ನನ್ನು ನಿಲ್ಲಿಸಿ, ರವದಿಯ ಮೇಲೆ ಒಣಗಿದ ರಾಡಿಯ ಗೆರೆ ತೋರಿಸಿದರು. ನನ್ನ ಎದೆಯ ಮಟ್ಟಕ್ಕಿತ್ತು. ಮುಖ ಎತ್ತಿ ನೋಡಿದೆ. ತಲೆಯ ಮೇಲೆ, ಎರಡಾಳು ಎತ್ತರದಲ್ಲಿ, ಗರಿಗಳು ಒಂದಕ್ಕೊಂದು ಹೆಣೆದುಕೊಂಡು ಹಸಿರಾಗಿ, ಶುಭ್ರವಾಗಿ ಇದ್ದವು. ಉಪಗ್ರಹ ಕಂಡದ್ದು ಅದನ್ನು. ಅದರ ಕೆಳಗಿನದ್ದನ್ನು ಕಂಡವರು ಕಾಕಾ.

ಇದು ಹೊಸ ವಿಷಯವೇನಲ್ಲ ಎಂಬುದು ನನಗೆ ಇನ್ನೂ ನಾಚಿಕೆ ತರುತ್ತದೆ. ಸೆಂಟಿನೆಲ್-1ರ ರಾಡಾರಿನ ತರಂಗದ ಉದ್ದ ಸುಮಾರು 5.6 ಸೆಂಟಿಮೀಟರ್. ಅಷ್ಟು ಸಣ್ಣ ತರಂಗ ದಟ್ಟ ಬೆಳೆಯ ಮೇಲೆ ಬಿದ್ದರೆ ಗರಿಗಳಲ್ಲೇ ಚದುರಿ ಮರಳುತ್ತದೆ, ಬುಡದ ನೀರನ್ನು ಮುಟ್ಟುವುದೇ ಇಲ್ಲ. ಬೆಳೆ ತೆಳುವಾಗಿದ್ದರೆ ತರಂಗ ನೀರಿಗೆ ಬಡಿದು, ಅಲ್ಲಿಂದ ಕಾಂಡಕ್ಕೆ ಬಡಿದು ಮರಳುತ್ತದೆ. ಆಗ ನೀರಿದ್ದ ಜಾಗ ಕಪ್ಪಾಗುವ ಬದಲು ಇನ್ನೂ ಬೆಳ್ಳಗಾಗುತ್ತದೆ. ಎರಡೂ ಸಂಗತಿ ಪಾಠದ ಪುಸ್ತಕದಲ್ಲಿವೆ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ಎಂಡೆವರ್ ಅಳೆದ ಎತ್ತರವೂ ಅಷ್ಟೇ: ಅದು ಬರೀ ನೆಲವಲ್ಲ, ಗಿಡ ಬೆಳೆಗಳನ್ನೂ ಸೇರಿಸಿಕೊಂಡ ಎತ್ತರ, ಅದರಲ್ಲಿ ಕೆಲವು ಮೀಟರುಗಳ ಹೆಚ್ಚುಕಡಿಮೆ ಸಹಜ. ಒಂದು ಮೀಟರು ನೀರಿನ ಮೇಲೆ ಟ್ರ್ಯಾಕ್ಟರು ಹೋಗುತ್ತದೋ ಇಲ್ಲವೋ ನಿರ್ಧಾರವಾಗುವ ಕಡೆ ನಾನು ಅದನ್ನು ನಂಬಿದೆ. ಅದೂ ಸಾಲದ್ದಕ್ಕೆ, ಚಿತ್ರ ತೆಗೆದದ್ದು ಬೆಳಗ್ಗೆ. ಕಾಕಾ ಮಾತಾಡಿದ್ದು ಮಧ್ಯಾಹ್ನ. ನಡುವೆ ಹೊಳೆ ಏರುತ್ತಲೇ ಇತ್ತು. ಮತ್ತೊಂದು ಚಿತ್ರ ಬರಲು ದಿನಗಟ್ಟಲೆ ಕಾಯಬೇಕು, ಒಂದೇ ಉಪಗ್ರಹ ಅದೇ ದಾರಿಯಲ್ಲಿ ಮರಳಿ ಬರುವುದು 12 ದಿನಕ್ಕೆ.

ಕಬ್ಬಿನ ಹೊಲದ ಮಟ್ಟಿಗೆ ಆ ಚಿತ್ರ ಏನನ್ನೂ ಹೇಳಿರಲಿಲ್ಲ. ನೀರಿದೆ ಎಂದೂ ಹೇಳಿರಲಿಲ್ಲ, ಇಲ್ಲ ಎಂದೂ ಹೇಳಿರಲಿಲ್ಲ. ಇಲ್ಲ ಎಂದದ್ದು ನಾನು. ಹಸಿರು ಗೆರೆ ಉಪಗ್ರಹದ್ದಲ್ಲ, ನನ್ನದು.

ಆಮೇಲಿನ ವರ್ಷಗಳಲ್ಲಿ ಬೇರೆ ಕಡೆ ಏನಾಗಿತ್ತು ಎಂದು ಓದತೊಡಗಿದೆ. ಸಮಾಧಾನಕ್ಕಲ್ಲ, ಕಲಿಯಲಿಕ್ಕೆ. 1970ರ ನವೆಂಬರ್ 12ರ ರಾತ್ರಿ ಆಗಿನ ಪೂರ್ವ ಪಾಕಿಸ್ತಾನದ ಕರಾವಳಿಗೆ ಭೋಲಾ ಚಂಡಮಾರುತ ಅಪ್ಪಳಿಸಿತು. ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಐದು ಲಕ್ಷ ಎನ್ನುವ ಅಂದಾಜೂ ಇದೆ. ಅಮೆರಿಕದ ಹವಾಮಾನ ಉಪಗ್ರಹಗಳು ಬಂಗಾಳ ಕೊಲ್ಲಿಯಲ್ಲಿ ಅದನ್ನು ಮೊದಲೇ ಕಂಡಿದ್ದವು. ಮೇಲಿನಿಂದ ಕಂಡದ್ದು ನಿಜ, ಸುದ್ದಿ ಇಳಿದದ್ದೂ ನಿಜ; ನಡುಗಡ್ಡೆಗಳಲ್ಲಿ ಮಲಗಿದ್ದ ಮೀನುಗಾರರಿಗೆ, ಗೇಣಿದಾರರಿಗೆ ಏಳಿ, ಹೊರಡಿ ಎಂದು ತಿಳಿಯುವ ಮಾತಿನಲ್ಲಿ ಅದು ತಲುಪಲಿಲ್ಲ. ಹೊರಟರೂ ಹೋಗಿ ನಿಲ್ಲಲು ಎತ್ತರದ ಜಾಗ ಇರಲಿಲ್ಲ. ಸ್ವತಂತ್ರವಾದ ಮೇಲೆ ಬಾಂಗ್ಲಾದೇಶ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ರೆಡ್ ಕ್ರಾಸ್ ಜೊತೆ ಸೇರಿ ಊರೂರಿಗೆ ಸ್ವಯಂಸೇವಕರನ್ನು ಕಟ್ಟಿದ್ದು. ಕೆಂಪು ಬಾವುಟ, ಕೈಯಿಂದ ತಿರುಗಿಸುವ ಸೈರನ್, ಮೆಗಾಫೋನ್ ಹಿಡಿದು ಮನೆ ಮನೆ ತಿರುಗುವ ಹತ್ತಾರು ಸಾವಿರ ಜನ. 1991ರಲ್ಲಿ ಮತ್ತೊಂದು ಭೀಕರ ಚಂಡಮಾರುತ 1.4 ಲಕ್ಷದಷ್ಟು ಜನರನ್ನು ಒಯ್ದಿತು. ಆಗ ಆಶ್ರಯ ಕಟ್ಟಡಗಳು ಹೆಚ್ಚಾದವು, ಸ್ವಯಂಸೇವಕರು ಹೆಚ್ಚಾದರು. 2007ರಲ್ಲಿ ಸಿದ್ರ್ ಬಂದಾಗ ಸತ್ತವರು 3,400ಕ್ಕಿಂತ ಹೆಚ್ಚು. ಅದೂ ಘೋರವೇ. ಆದರೆ ಲಕ್ಷದ ಲೆಕ್ಕ ಸಾವಿರಕ್ಕೆ ಇಳಿದದ್ದರಲ್ಲಿ ಆಕಾಶದ ಪಾಲು ಎಷ್ಟು, ಮೆಗಾಫೋನಿನ ಪಾಲು ಎಷ್ಟು ಎಂದು ನಮ್ಮ ಕಸುಬಿನವರು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ನಮ್ಮ ಒಡಿಶಾದ ಕಥೆಯೂ ಅದೇ. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತ ಹತ್ತು ಸಾವಿರದಷ್ಟು ಜನರನ್ನು ಕೊಂದಿತು. ಆಗಲೂ ಇನ್ಸಾಟ್ ಉಪಗ್ರಹ ಮೇಲಿತ್ತು, ಬರುತ್ತಿದೆ ಎಂಬುದು ಗೊತ್ತಿತ್ತು. 2013ರ ಅಕ್ಟೋಬರ್ 12ರಂದು ಫೈಲಿನ್ ಗೋಪಾಲಪುರದ ಬಳಿ ದಡ ಸೇರುವ ಹೊತ್ತಿಗೆ ಹತ್ತು ಲಕ್ಷದಷ್ಟು ಜನ ಮನೆ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗಿಯಾಗಿತ್ತು. ಸತ್ತವರು ಐವತ್ತರೊಳಗೆ. ನಡುವಿನ 14 ವರ್ಷದಲ್ಲಿ ಉಪಗ್ರಹಗಳು ಸುಧಾರಿಸಿದವು, ಮುನ್ಸೂಚನೆ ಹರಿತವಾಯಿತು, ನಿಜ. ಅದಕ್ಕೂ ಮಿಗಿಲಾಗಿ, ಕರಾವಳಿಯ ಹಳ್ಳಿಯ ಹೆಣ್ಣುಮಗಳಿಗೆ ಯಾವ ಕಟ್ಟಡಕ್ಕೆ ಹೋಗಬೇಕು, ಯಾರು ಬಂದು ಕರೆಯುತ್ತಾರೆ ಎಂಬುದು ಮೊದಲೇ ತಿಳಿದಿತ್ತು.

ಬಡ ದೇಶಗಳಿಗೆ ಚಿತ್ರ ಸಿಗುವುದಿಲ್ಲ ಎನ್ನುವ ಮಾತು ಈಗ ಅಷ್ಟು ನಿಜವಲ್ಲ. ವಿಪತ್ತಿನ ಹೊತ್ತಿಗೆ ಉಪಗ್ರಹ ಚಿತ್ರಗಳನ್ನು ಪುಕ್ಕಟೆ ಕೊಡುವ ಅಂತರರಾಷ್ಟ್ರೀಯ ಒಪ್ಪಂದ 2000ದಿಂದ ನಡೆಯುತ್ತಿದೆ, ಇಸ್ರೊ 2001ರಲ್ಲೇ ಅದನ್ನು ಸೇರಿತು. ವಿಶ್ವಸಂಸ್ಥೆ 2006ರಲ್ಲಿ ಯುಎನ್-ಸ್ಪೈಡರ್ ಎಂಬ ವಿಭಾಗವನ್ನೇ ಇದಕ್ಕಾಗಿ ತೆರೆಯಿತು. ನೈಜೀರಿಯಾ 2003ರಲ್ಲಿ ಹಾರಿಸಿದ ಸಣ್ಣ ಉಪಗ್ರಹ, 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ತುತ್ತಾದ ಅಮೆರಿಕಕ್ಕೇ ಚಿತ್ರ ಕೊಟ್ಟಿತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾದಲ್ಲಿ ಕೋಸಿಯ ಒಡ್ಡು ಒಡೆದಾಗ, ನದಿ ತನ್ನ ಪಾತ್ರ ಬಿಟ್ಟು ಬಿಹಾರದಲ್ಲಿ ಎಷ್ಟೋ ದೂರ ಪೂರ್ವಕ್ಕೆ ಹೊರಳಿ ಹರಿಯುತ್ತಿದೆ ಎಂಬುದನ್ನು ಪೂರ್ತಿಯಾಗಿ ತೋರಿಸಿದ್ದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದಂಥವರ ಚಿತ್ರಗಳೇ. ಅಷ್ಟು ದೊಡ್ಡದನ್ನು ನೆಲದ ಮೇಲೆ ನಿಂತವರು ಕಾಣಲಾರರು. ಕಾಕಾ ಕಾಣಲಾರರು. ನನ್ನ ಕಸುಬನ್ನು ನಾನು ಹಗುರ ಮಾಡಿ ಆಡುತ್ತಿಲ್ಲ. ಅದು ಜೀವ ಉಳಿಸುವ ಕಸುಬು.

ನಮಗೆ ಕೊರತೆ ಇರುವುದು ಬೇರೆ ಕಡೆ. ನೆದರ್‌ಲ್ಯಾಂಡ್ಸ್ ತನ್ನ ಇಡೀ ನೆಲವನ್ನು ವಿಮಾನದಿಂದ ಲೇಸರ್ ಹಾಯಿಸಿ ಅಳೆದಿಟ್ಟುಕೊಂಡಿದೆ. ಅಲ್ಲಿ ನೀರು ಇಷ್ಟು ಏರಿದರೆ ಯಾವ ಬೀದಿ ಮುಳುಗುತ್ತದೆ ಎಂದು ಮೊದಲೇ ಲೆಕ್ಕ ಸಿಗುತ್ತದೆ. ನಮ್ಮ ಘಟಪ್ರಭೆಯ ದಂಡೆಗೆ, ಬ್ರಹ್ಮಪುತ್ರದ ದಂಡೆಗೆ, ಮೊಜಾಂಬಿಕ್‌ನ ನದೀಮುಖಕ್ಕೆ ಅಂಥ ಅಳತೆ ಎಲ್ಲೆಡೆ ಇಲ್ಲ. ಇಲ್ಲದ ಕಡೆ ಆ ಅಳತೆ ಇರುವುದು ಜನರ ನೆನಪಿನಲ್ಲಿ: 2009ರಲ್ಲಿ ಹನುಮಪ್ಪನ ಗುಡಿಯ ಎಷ್ಟನೇ ಮೆಟ್ಟಿಲಿಗೆ ನೀರು ಬಂದಿತ್ತು, ಯಾವ ಹಳ್ಳ ಮೊದಲು ಹಿಮ್ಮೆಟ್ಟಿ ಹರಿಯುತ್ತದೆ, ಯಾವ ಹೊಲದಲ್ಲಿ ನೀರು ಕಡೆಗೆ ಇಳಿಯುತ್ತದೆ. ನಮ್ಮ ವ್ಯವಸ್ಥೆ ಮೇಲಿನಿಂದ ಕೆಳಕ್ಕೆ ನಕ್ಷೆ ಕಳಿಸಲು ತಯಾರಾಗಿದೆ. ಕೆಳಗಿನಿಂದ ‘ಇದು ತಪ್ಪು’ ಎಂದು ಒಬ್ಬ ಒಕ್ಕಲಿಗ ಹೇಳಿದರೆ ಅದನ್ನು ಕೇಳಿಸಿಕೊಂಡು, ಬರೆದುಕೊಂಡು, ನಕ್ಷೆ ತಿದ್ದಲು ಯಾರನ್ನು ನೇಮಿಸಿದ್ದೇವೆ? ಕರ್ನಾಟಕದಲ್ಲಿ ಪಂಚಾಯಿತಿ ಪಂಚಾಯಿತಿಗೆ ಮಳೆಮಾಪನ ಯಂತ್ರ ಇಟ್ಟಿದ್ದೇವೆ, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ಒಳ್ಳೆಯ ಕೆಲಸ. ಯಂತ್ರ ಕಳಿಸಿದ ಅಂಕಿಯನ್ನು ತಕ್ಷಣ ನಂಬುವ ನಾವು, ಮನುಷ್ಯ ಹೇಳಿದ್ದನ್ನು ಮಾತ್ರ ಮೊದಲು ಅನುಮಾನಿಸುತ್ತೇವೆ. ನಾನು ಮಾಡಿದ್ದು ಅದನ್ನೇ.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ನಿಸಾರ್ ಮೇಲೇರಿತು. ನಾಸಾ ಮತ್ತು ಇಸ್ರೊ ಸೇರಿ ಮಾಡಿದ್ದು. ಅದರ ಒಂದು ರಾಡಾರಿನ ತರಂಗ ಸುಮಾರು 24 ಸೆಂಟಿಮೀಟರ್ ಉದ್ದ. ಗರಿ ಎಲೆಗಳನ್ನು ದಾಟಿ ಒಳಗೆ ಇಳಿಯುವ ಶಕ್ತಿ ಅದಕ್ಕೆ ಹೆಚ್ಚು. ಕಬ್ಬಿನೊಳಗಿನ ನೀರು ಇನ್ನು ಮೇಲೆ ಇನ್ನಷ್ಟು ಕಾಣಬಹುದು. ಆ ಸುದ್ದಿ ಕೇಳಿ ನನಗೆ ನಿಜವಾಗಿ ಸಂತೋಷವಾಯಿತು. ಆದರೆ ಅದೂ ಒಂದೇ ದಾರಿಗೆ ಮರಳುವುದು 12 ದಿನಕ್ಕೆ. ಹೊಳೆ ಒಂದು ರಾತ್ರಿಯಲ್ಲಿ ಏರಿ ಇಳಿಯುತ್ತದೆ.

ಈಗ ನಾನು ನಕ್ಷೆ ಮಾಡುವ ರೀತಿ ಬದಲಾಗಿದೆ. ಉಪಗ್ರಹ ಹಾದ ತಾರೀಖು ಮತ್ತು ವೇಳೆಯನ್ನು ನಕ್ಷೆಯ ನಡುವೆಯೇ ದೊಡ್ಡ ಕನ್ನಡ ಅಕ್ಷರದಲ್ಲಿ ಹಾಕುತ್ತೇನೆ. ಎಲ್ಲಿ ಕತ್ತರಿಸಿದರೂ ಅದು ಉಳಿಯಬೇಕು. ಕಬ್ಬು, ಬಾಳೆ, ತೋಟ, ಓಣಿಗಳನ್ನು ಒಣ ನೆಲ ಎಂದು ಬಿಡುವುದಿಲ್ಲ, ಬೂದು ಗೆರೆ ತುಂಬಿ ‘ಇಲ್ಲಿ ಕಾಣುವುದಿಲ್ಲ, ಊರವರನ್ನು ಕೇಳಿ’ ಎಂದು ಬರೆಯುತ್ತೇನೆ. ಹಾಗೆ ಮಾಡಿದ ನಕ್ಷೆಯಲ್ಲಿ ಬೂದು ಬಹಳ, ನೋಡಲು ಚೆಂದವಿಲ್ಲ, ಅಧಿಕಾರಿಗಳಿಗೆ ಇಷ್ಟವಾಗುವುದಿಲ್ಲ. ‘ಇದೆಯೋ ಇಲ್ಲವೋ ಒಂದು ಹೇಳಿ’ ಎನ್ನುತ್ತಾರೆ. ಅವರ ಅವಸರ ನನಗೆ ಅರ್ಥವಾಗುತ್ತದೆ, ಅಂಥದೇ ಅವಸರಕ್ಕೆ ಬಗ್ಗಿಯೇ ನಾನು ಹಿಂದೆ ಹಸಿರು ಗೆರೆ ಎಳೆದದ್ದು. ಈಗ ಯಾವ ದಾರಿಗೂ ಹಸಿರು ಎಳೆಯುವುದಿಲ್ಲ. ಅದನ್ನು ಎಳೆಯುವ ಅಧಿಕಾರ ಆ ದಾರಿ ಕಂಡವರದ್ದು. ನಕ್ಷೆ ಹೊರಗೆ ಹೋಗುವ ಮೊದಲು ಹೊಳೆದಂಡೆಯ ಕೆಲವರಿಗೆ ಫೋನು ಮಾಡುತ್ತೇನೆ: ದೋಣಿ ನಡೆಸುವವರು, ಆಶಾ ಕಾರ್ಯಕರ್ತೆಯರು, ಬ್ಯಾರೇಜಿನ ಗೇಟು ಕಾಯುವವರು. ಕಾಕಾ ಆ ಪಟ್ಟಿಯಲ್ಲಿ ಮೊದಲಿಗರು. ‘ನೀರೈತೇನು’ ಎಂದು ಮಾತ್ರ ಕೇಳುವುದಿಲ್ಲ, ‘ಎಲ್ಲಿ ನಿಂತು ನೋಡಿದ್ರಿ, ಎಷ್ಟೊತ್ತಿಗೆ, ಮೈಗೆ ಎಲ್ಲಿಮಟ’ ಎಂದು ಕೇಳುತ್ತೇನೆ. ಅವರು ಹೇಳಿದ್ದೂ ಚಿತ್ರ ತೋರಿಸಿದ್ದೂ ಬೇರೆಯಾದರೆ, ಜನ ಹೇಳಿದ್ದನ್ನು ಇಟ್ಟುಕೊಂಡು ಚಿತ್ರವನ್ನು ಮತ್ತೆ ನೋಡುತ್ತೇನೆ. ಜನರೂ ತಪ್ಪುತ್ತಾರೆ, ಗಾಬರಿಯಲ್ಲಿ ಹೆಚ್ಚು ಹೇಳುತ್ತಾರೆ. ಆದರೆ ಅವರು ಹೆಚ್ಚು ಹೇಳಿದರೆ ಟ್ರ್ಯಾಕ್ಟರು ಸುತ್ತು ಹಾಕಿ ಹೋಗುತ್ತದೆ, ಅಷ್ಟೇ.

ಹೊಳೆದಂಡೆಯ ಊರುಗಳಲ್ಲಿ ಇರುವವರಿಗೆ ನನ್ನದೊಂದು ಕೇಳಿಕೆ ಇದೆ. ಮುಂದಿನ ಮಳೆಗಾಲದೊಳಗೆ ನಿಮ್ಮ ಊರ ಶಾಲೆಯ ಗೋಡೆಗೆ, ಗುಡಿಯ ಕಂಬಕ್ಕೆ, ನೀರಿನ ಟ್ಯಾಂಕಿನ ಕಾಲಿಗೆ, ಹಿಂದಿನ ನೆರೆಗಳ ನೀರು ಎಲ್ಲಿಯತನಕ ಬಂದಿತ್ತು ಎಂದು ಹಿರಿಯರನ್ನು ಕೇಳಿ ಎಣ್ಣೆ ಬಣ್ಣದಲ್ಲಿ ಗುರುತು ಹಾಕಿ, ವರ್ಷ ಬರೆಯಿರಿ. ಮೊಬೈಲಿನಲ್ಲಿ ಅದರ ಫೋಟೊ ತೆಗೆದು ಪಂಚಾಯಿತಿಗೂ ತಹಶೀಲ್ದಾರರ ಕಚೇರಿಗೂ ಕೊಡಿ. ಮತ್ತೆ ನೀರು ಬಂದಾಗ ಹೊಸ ಗುರುತಿನ ಪಕ್ಕದಲ್ಲಿ ತಾರೀಖಿನ ಜೊತೆ ವೇಳೆಯನ್ನೂ ತಪ್ಪದೆ ಬರೆಯಿರಿ. ವೇಳೆ ಇದ್ದರೆ ನಮ್ಮಂಥವರು ಆ ಹೊತ್ತಿನ ಚಿತ್ರವನ್ನು ನಿಮ್ಮ ಗುರುತಿಗೆ ಹೊಂದಿಸಿ ತಿದ್ದಿಕೊಳ್ಳಬಹುದು. ಓದಿದವರೊಬ್ಬರು ಫೋನಿನಲ್ಲಿ ‘ಅಲ್ಲಿ ನೀರಿಲ್ಲ’ ಎಂದರೆ ಒಪ್ಪಿಕೊಂಡು ಸುಮ್ಮನಾಗಬೇಡಿ. ಮತ್ತೊಮ್ಮೆ ಹೇಳಿ, ಜೋರಾಗಿ ಹೇಳಿ.